ಗುರುತು ಗುಟ್ಟಾಗಿರಲಿ, ಕ್ಷೇಮ ಸಮಾಚಾರ ತಲುಪಲಿ

ಶಿವಮೊಗ್ಗದ ಆಸ್ಪತ್ರೆಯೊಂದರಿಂದ ದಾನವಾದ ಅಂಗಗಳನ್ನು ಹೊತ್ತ ಆಂಬುಲೆನ್ಸ್ ಹೊರಟು, ಪೊಲೀಸರು ದಾರಿಯುದ್ದಕ್ಕೂ ಝೀರೋ ಟ್ರಾಫಿಕ್ ಮಾಡಿಕೊಟ್ಟರೆಂದರೆ ಮರುದಿನದ ಪತ್ರಿಕೆಯಲ್ಲಿ ಏನೇನಿರುತ್ತದೆ ಎಂಬುದನ್ನು ಓದುವ ಮೊದಲೇ ಹೇಳಬಹುದು. ಮಿದುಳು ನಿಷ್ಕ್ರಿಯಗೊಂಡ ವ್ಯಕ್ತಿಯ ಹೆಸರು, ವಯಸ್ಸು, ತಾಲ್ಲೂಕು, ಗ್ರಾಮ, ತಂದೆಯ ಉದ್ಯೋಗ, ಯಾವುದೋ ಮದುವೆಯಲ್ಲಿ ತೆಗೆದ ಒಂದು ಭಾವಚಿತ್ರ. ಅದರ ಕೆಳಗೆ ಯಾವ ಅಂಗ ಯಾವ ಊರಿನ ಯಾವ ಆಸ್ಪತ್ರೆಗೆ ಹೋಯಿತೆಂಬ ವಿವರ. ಮೇಲೆ ‘ಸಾವಿನಲ್ಲೂ ಸಾರ್ಥಕತೆ’ ಎಂಬ ಶೀರ್ಷಿಕೆ. ಸಂಜೆಯೊಳಗೆ ಇಷ್ಟೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿರುತ್ತದೆ. ಆದರೆ ಆ ಮನೆಯ ತಾಯಿಗೆ ಅಲ್ಲಿಂದಾಚೆಗೆ ಏನು ಗೊತ್ತಾಗುತ್ತದೆ? ಲಿವರ್ ಪಡೆದವರು ಮನೆಗೆ ಹೋದರೇ, ಕಿಡ್ನಿ ಹೊಂದಿಕೊಂಡಿತೇ, ಮಗನ ಕಣ್ಣಿನಿಂದ ಯಾರಾದರೂ ನೋಡುತ್ತಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಹೆಚ್ಚಿನ ಸಂದರ್ಭಗಳಲ್ಲಿ ಉತ್ತರವೇ ಬರುವುದಿಲ್ಲ. ಕೇಳಿದರೆ ಸಿಗುವ ಸಮಜಾಯಿಷಿ ಒಂದೇ: ದಾನಿ ಮತ್ತು ಪಡೆದವರ ಗುರುತನ್ನು ಗೌಪ್ಯವಾಗಿಡಬೇಕು.

ಇಲ್ಲಿರುವ ವಿಚಿತ್ರವನ್ನು ಗಮನಿಸಬೇಕು. ಗುಟ್ಟಾಗಿರಬೇಕಾದ ಹೆಸರು ಊರೂರು ಸುತ್ತಿರುತ್ತದೆ. ಯಾರಿಗೂ ತೊಂದರೆ ಮಾಡದ ಕ್ಷೇಮ ಸಮಾಚಾರ ಮಾತ್ರ ಗುಟ್ಟಾಗಿ ಉಳಿದಿರುತ್ತದೆ. ಗೌಪ್ಯತೆಯ ನಿಯಮ ಸರಿಯಾಗಿಯೇ ಇದೆ, ಅದು ಬೇಕೇ ಬೇಕು ಎಂದು ನಾನು ನಂಬಿದ್ದೇನೆ. ಆದರೆ ಹೆಸರನ್ನು ಮುಚ್ಚಿಡುವುದಕ್ಕಾಗಿ ಮಾತನ್ನೇ ಮುಚ್ಚಿಡಬೇಕಾಗಿಲ್ಲ. ಹೆಸರಿಲ್ಲದ ಪತ್ರವೊಂದು ಎರಡು ಮನೆಗಳ ನಡುವೆ ಮಧ್ಯಸ್ಥರ ಕೈಯಿಂದ ಹಾದುಹೋಗುವ ವ್ಯವಸ್ಥೆ ಹಲವು ದೇಶಗಳಲ್ಲಿ ದಶಕಗಳಿಂದ ನಡೆಯುತ್ತಿದೆ. ನಮ್ಮಲ್ಲಿ ಅದು ಇನ್ನೂ ವಾಡಿಕೆಯಾಗಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ, ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು 1994ರಲ್ಲಿ. 2011ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ಅಂಗಾಂಶಗಳೂ ಅದರ ವ್ಯಾಪ್ತಿಗೆ ಸೇರಿದವು. 2014ರಲ್ಲಿ ಹೊಸ ನಿಯಮಗಳು ಜಾರಿಯಾದವು. ದಾನಿಗಳ ಮತ್ತು ಪಡೆದವರ ವಿವರಗಳನ್ನು ದಾಖಲಿಸುವ ರಾಷ್ಟ್ರೀಯ ನೋಂದಣಿಯ ಬಗ್ಗೆ ಹೇಳುವಾಗ, ಅದರಲ್ಲಿರುವವರ ಗುರುತು ಸಾರ್ವಜನಿಕರ ಮುಂದೆ ಬರಬಾರದು ಎಂದು ಈ ನಿಯಮಗಳು ವಿಧಿಸುತ್ತವೆ. ಅಂಗಾಂಗ ವ್ಯಾಪಾರಕ್ಕೆ 5ರಿಂದ 10 ವರ್ಷಗಳ ಸೆರೆವಾಸ ಮತ್ತು 20 ಲಕ್ಷದಿಂದ 1 ಕೋಟಿ ರೂಪಾಯಿವರೆಗಿನ ದಂಡವನ್ನು ತಿದ್ದುಪಡಿ ಕಾಯ್ದೆ ಗೊತ್ತುಪಡಿಸಿದೆ. ಈ ಎರಡನ್ನೂ ಜೊತೆಗಿಟ್ಟು ಓದಿದರೆ ಗೌಪ್ಯತೆಯ ಹಿಂದಿನ ಭಯ ಯಾವುದೆಂದು ತಿಳಿಯುತ್ತದೆ. ಕೊಟ್ಟವರಿಗೂ ಪಡೆದವರಿಗೂ ನೇರ ಪರಿಚಯವಾದರೆ ಅಲ್ಲಿ ಹಣ ಕಾಲಿಡಬಹುದು. ದಾನ ಮುಗಿದ ಮೇಲೆ ಕೊಟ್ಟ ಉಡುಗೊರೆ ಯಾವುದು, ಮೊದಲೇ ಮಾತಾಡಿಕೊಂಡ ಬೆಲೆ ಯಾವುದು ಎಂದು ಆಮೇಲೆ ಯಾರು ಬಿಡಿಸಿ ಹೇಳಬೇಕು?

ಕರ್ನಾಟಕದಲ್ಲಿ ಮರಣೋತ್ತರ ಅಂಗಾಂಗ ಹಂಚಿಕೆಯನ್ನು ನೋಡಿಕೊಳ್ಳುವುದು ‘ಜೀವಸಾರ್ಥಕತೆ’ ಸಂಸ್ಥೆ. 2007ರಲ್ಲಿ ವಲಯ ಸಮನ್ವಯ ಸಮಿತಿಯಾಗಿ ಆರಂಭವಾದ ವ್ಯವಸ್ಥೆಯೇ ಮುಂದೆ ಈ ಹೆಸರು ಪಡೆಯಿತು. ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳುಕಾಂಡದ ಮರಣವನ್ನು ದೃಢಪಡಿಸಿ, ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೇಲೆ, ಕಾಯುವವರ ಪಟ್ಟಿಯ ಪ್ರಕಾರ ಅಂಗಗಳು ಹಂಚಿಕೆಯಾಗುತ್ತವೆ. 2023ರಲ್ಲಿ ಇಡೀ ದೇಶದಲ್ಲಿ ಹೀಗೆ ಮರಣಾನಂತರ ಅಂಗದಾನ ಮಾಡಿದವರ ಸಂಖ್ಯೆ 1,099; ಅದರಲ್ಲಿ ಕರ್ನಾಟಕದ ಪಾಲು 178. ದೇಶದಲ್ಲಿ ಮುಂಚೂಣಿಯಲ್ಲಿರುವ ರಾಜ್ಯದ ಸಂಖ್ಯೆಯೇ ಇಷ್ಟು, ಅದರಲ್ಲೂ ದೊಡ್ಡ ಪಾಲು ಬೆಂಗಳೂರಿನದು. ಹಾಗಾಗಿ ಮಲೆನಾಡಿನ ಒಂದು ಜಿಲ್ಲೆಯಲ್ಲಿ ಇಂಥ ದಾನ ಅಪರೂಪದ ಘಟನೆ. ಅಪರೂಪವಾದದ್ದರಿಂದಲೇ ಅದು ಸುದ್ದಿ, ಸುದ್ದಿಯಾದದ್ದರಿಂದಲೇ ಗುರುತು ಬಯಲು. ವರ್ಷಕ್ಕೆ ಸಾವಿರ ದಾನಗಳಾಗುವ ಕಡೆ ದಿನಾಂಕ ಮತ್ತು ವಯಸ್ಸು ಹೇಳಿದರೆ ಯಾರೆಂದು ಗೊತ್ತಾಗುವುದಿಲ್ಲ. ನಮ್ಮಲ್ಲಿ ದಿನಾಂಕವೊಂದೇ ಸಾಕು.

ಅದರ ಮೇಲೆ ನಮ್ಮ ಸೀಮೆಯ ಸ್ವಭಾವವೂ ಇದೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಅಪರಿಚಿತರು ಸಿಕ್ಕಾಗ ಹೆಸರಿಗಿಂತ ಮೊದಲು ಬರುವ ಪ್ರಶ್ನೆ ‘ಯಾವೂರಾಯ್ತು? ಯಾರ ಮನೆ?’ ಎಂಬುದು. ಎರಡು ಉತ್ತರ ಸಿಕ್ಕರೆ ಮೂರನೆಯದಾಗಿ ನೆಂಟಸ್ತಿಕೆಯ ಎಳೆಯೊಂದು ಹೊರಬರುತ್ತದೆ. ಇಂಥ ಕಡೆ ಗುರುತನ್ನು ಕಾಪಾಡುವುದು ಆಸ್ಪತ್ರೆಯ ಕಡತದಿಂದ ಮಾತ್ರ ಆಗುವ ಕೆಲಸವಲ್ಲ. ಹೆಸರು, ಭಾವಚಿತ್ರ ಪ್ರಕಟಿಸುವ ಮುನ್ನ ಆ ಮನೆಯವರನ್ನು, ಅದೂ ಅಳು ಸ್ವಲ್ಪ ಇಳಿದ ಮೇಲೆ, ಒಂದು ಮಾತು ಕೇಳುವ ಪದ್ಧತಿ ವರದಿಗಾರರಲ್ಲಿ ಬರಬೇಕು. ಅಂಗಗಳು ಹೋದ ಆಸ್ಪತ್ರೆಗಳ ಹೆಸರನ್ನು ಬರೆಯದಿದ್ದರೆ ಸುದ್ದಿಯ ತೂಕವೇನೂ ಕಡಿಮೆಯಾಗುವುದಿಲ್ಲ.

ಪ್ರಸಿದ್ಧರ ವಿಷಯದಲ್ಲಂತೂ ಗೌಪ್ಯತೆ ಒಂದೇ ದಿಕ್ಕಿನದು. 2021ರ ಜೂನ್‌ನಲ್ಲಿ ಅಪಘಾತದಿಂದ ತೀರಿಕೊಂಡ ನಟ ಸಂಚಾರಿ ವಿಜಯ್ ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು. ಅವರ ಅಂಗಗಳನ್ನು ಮನೆಯವರು ದಾನ ಮಾಡಿದರು. ಅದೇ ವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಕಾರ್ನಿಯಾಗಳನ್ನು, ಅಂದರೆ ಕಣ್ಣುಗಳ ಮುಂಭಾಗದ ಪಾರದರ್ಶಕ ಪೊರೆಗಳನ್ನು, ಪದರಗಳಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು. ಕೊಟ್ಟವರು ಯಾರೆಂದು ನಾಡಿಗೆಲ್ಲ ಗೊತ್ತು; ಪಡೆದವರು ಯಾರೆಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹೆಸರಾಂತ ಮನೆತನಕ್ಕೆ ಕೃತಜ್ಞತೆ ನಾನಾ ರೂಪದಲ್ಲಿ ತಲುಪುತ್ತದೆ. ಗದ್ದೆ ಅಂಚಿನ ಮನೆಯೊಂದಕ್ಕೆ ಹಾಗೆ ತಲುಪುವ ದಾರಿಯಿಲ್ಲ.

ಗೌಪ್ಯತೆಯ ಪರವಾದ ವಾದಗಳಲ್ಲಿ ಹಣದ್ದು ಒಂದು ಮಾತ್ರ. ನನ್ನ ಮಟ್ಟಿಗೆ ಅದಕ್ಕಿಂತ ಗಂಭೀರವಾದವು ಬೇರೆ ಇವೆ. ಮೊದಲನೆಯದು ಹಕ್ಕಿನ ಭಾವ. ಮಗನ ಹೃದಯವನ್ನು ಹೊತ್ತ ಮನುಷ್ಯ ಎದುರಿಗೆ ಬಂದು ನಿಂತರೆ, ಅವನು ಬೀಡಿ ಹಚ್ಚುವುದನ್ನು ಕಂಡ ತಂದೆಗೆ ಸಿಟ್ಟು ಬರದಿರುತ್ತದೆಯೇ? ಪಡೆದವನಿಗೂ ತನ್ನ ದೇಹ ತನ್ನದೆನ್ನುವ ಭಾವ ಉಳಿಯಬೇಕು. ಪ್ರತಿ ಹಬ್ಬಕ್ಕೂ ಹೋಗಿ ತೋರಿಸಿಕೊಂಡು ಬರಬೇಕಾದ ಬದುಕು ಅವನಿಗೆ ಬೇಡ. ಎರಡನೆಯದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ: ಜಾತಿ, ಧರ್ಮ. ‘ಯಾರ ಮನೆ’ ಎಂಬ ಪ್ರಶ್ನೆಯ ಹಿಂದೆಯೇ ಇನ್ನೊಂದು ಪ್ರಶ್ನೆ ಅಡಗಿರುತ್ತದೆ, ಕೇಳುವವರಿಗೂ ಹೇಳುವವರಿಗೂ ಅದು ಗೊತ್ತು. ಯಾರ ಕಿಡ್ನಿ ಯಾರಿಗೆ ಹೋಯಿತೆಂದು ಈ ಲೆಕ್ಕದಲ್ಲಿ ಯಾರೂ ಮಾತಾಡದಂತೆ ತಡೆದಿರುವುದು ಈ ಗೌಪ್ಯತೆಯೇ. ಮೂರನೆಯದು ಎರಡನೇ ಸಾವು. ಕಸಿಯಾದ ಅಂಗ ಎಲ್ಲರಲ್ಲೂ ಉಳಿಯುವುದಿಲ್ಲ. ದೇಹ ಅದನ್ನು ತಿರಸ್ಕರಿಸಬಹುದು, ಪಡೆದವರು ಸೋಂಕಿನಿಂದ ತೀರಿಕೊಳ್ಳಬಹುದು. ಹೆಸರು, ಮುಖ ತಿಳಿದವರ ಸಾವಿನ ಸುದ್ದಿ ಬಂದಾಗ ದಾನಿಯ ಮನೆಯಲ್ಲಿ ಮತ್ತೊಮ್ಮೆ ಸೂತಕ ಕೂತಂತಾಗುತ್ತದೆ.

ಈ ಮೂರೂ ಆತಂಕಗಳು ಗುರುತಿನ ಬಗೆಗಿನವು, ಭೇಟಿಯ ಬಗೆಗಿನವು. ಹೆಸರಿಲ್ಲದ, ಮಧ್ಯಸ್ಥರು ಓದಿ ಕಳಿಸಿದ ಪತ್ರಕ್ಕೆ ಇವುಗಳಲ್ಲಿ ಹೆಚ್ಚಿನವು ಅನ್ವಯಿಸುವುದಿಲ್ಲ. ನಮ್ಮ ಚರ್ಚೆ ಸೋಲುವುದು ಇಲ್ಲಿಯೇ: ಭೇಟಿ ಮಾಡಿಸಬೇಕೇ ಬೇಡವೇ ಎಂಬ ವಾದದಲ್ಲಿ ಪತ್ರದ ಮಾತು ಕಳೆದುಹೋಗುತ್ತದೆ.

ದಾನವೆಂದರೆ ಕೊಟ್ಟು ಮರೆಯುವುದು, ಹಿಂದೆ ತಿರುಗಿ ನೋಡಬಾರದು ಎಂದು ಹೇಳುವವರಿದ್ದಾರೆ. ಒಪ್ಪುವುದು ಕಷ್ಟ. ನಮ್ಮ ಕಡೆ ಕೊಟ್ಟಿಗೆಯಲ್ಲಿ ಹುಟ್ಟಿದ ಕರುವನ್ನು ಬೇರೆ ಮನೆಗೆ ಕೊಟ್ಟವರು ಆ ಮನೆಯವರು ಪೇಟೆಯಲ್ಲಿ ಸಿಕ್ಕಾಗಲೆಲ್ಲ ‘ನಮ್ಮ ಗೌರಿ ಹೇಗಿದ್ದಾಳೆ’ ಎಂದು ಕೇಳುತ್ತಾರೆ. ಹೋಲಿಕೆ ಸಣ್ಣದಾಯಿತು, ಆದರೂ ಆ ಪ್ರಶ್ನೆಯ ಗುಣ ಇದೇ. ಅದು ಕರುವನ್ನು ವಾಪಸು ಕೇಳುವ ಮಾತೂ ಅಲ್ಲ, ಬೆಲೆ ಕೇಳುವ ಮಾತೂ ಅಲ್ಲ.

ಹೊರದೇಶಗಳಲ್ಲಿ ಮೂರು ಬಗೆಯ ದಾರಿಗಳಿವೆ. ಬ್ರಿಟನ್ನಿನಲ್ಲಿ ಪಡೆದವರು ಹೆಸರು, ವಿಳಾಸಗಳಿಲ್ಲದೆ ಬರೆದ ಪತ್ರವನ್ನು ದಾನದ ವ್ಯವಹಾರ ನೋಡಿಕೊಳ್ಳುವ ದಾದಿಯರು ಮತ್ತು ಸಿಬ್ಬಂದಿ ಓದಿ ದಾನಿಯ ಮನೆಗೆ ತಲುಪಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಗುರುತು ಹೇಳುವುದಕ್ಕೆ ಕಾನೂನಿನ ತಡೆಯಿದ್ದರೂ ಅನಾಮಿಕ ಪತ್ರಕ್ಕೆ ಸರ್ಕಾರಿ ವ್ಯವಸ್ಥೆಯೇ ನೆರವಾಗುತ್ತದೆ. ಅಮೆರಿಕದಲ್ಲಿ ಮೊದಲು ಅನಾಮಿಕ ಪತ್ರ, ಆಮೇಲೆ ಎರಡೂ ಕಡೆಯವರು ಬರಹದಲ್ಲಿ ಒಪ್ಪಿದರೆ ನೇರ ಪರಿಚಯಕ್ಕೂ ಅವಕಾಶವಿದೆ. ಎಲ್ಲ ಕಡೆಯೂ ಸಾಮಾನ್ಯವಾದದ್ದು ನಡುವೆ ಒಬ್ಬ ಓದುಗ ಇರುವುದು, ಮತ್ತು ಬರೆಯುವುದಾಗಲಿ ಉತ್ತರಿಸುವುದಾಗಲಿ ಕಡ್ಡಾಯವಲ್ಲ ಎಂಬುದು.

ಇಟಲಿಯ ಕಥೆ ಇನ್ನೂ ಜಟಿಲವಾದದ್ದು. 1994ರ ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿನ ದಕ್ಷಿಣ ಭಾಗದಲ್ಲಿ ಪ್ರವಾಸದಲ್ಲಿದ್ದ ಅಮೆರಿಕದ ಕುಟುಂಬವೊಂದರ ಕಾರಿನ ಮೇಲೆ ದರೋಡೆಕೋರರು ಗುಂಡು ಹಾರಿಸಿದರು. ಏಳು ವರ್ಷದ ನಿಕೊಲಸ್ ಗ್ರೀನ್ ಮೆಸ್ಸೀನಾದ ಆಸ್ಪತ್ರೆಯಲ್ಲಿ ತೀರಿಕೊಂಡ. ತಂದೆತಾಯಿ ಅವನ ಅಂಗಗಳನ್ನೂ ಕಾರ್ನಿಯಾಗಳನ್ನೂ ದಾನ ಮಾಡಿದರು; ಏಳು ಜನರಿಗೆ ಅವು ಕಸಿಯಾದವು. ಆಗ ಗುರುತಿನ ಮೇಲೆ ಕಟ್ಟುನಿಟ್ಟಿನ ನಿಷೇಧವಿರಲಿಲ್ಲವಾದ್ದರಿಂದ ಅವರು ಆ ಜನರನ್ನು ಭೇಟಿಯಾದರು. ಲಿವರ್ ಪಡೆದ ಯುವತಿ ಮುಂದೆ ಮದುವೆಯಾಗಿ, ಹುಟ್ಟಿದ ಮಗನಿಗೆ ನಿಕೊಲಸ್ ಎಂದೇ ಹೆಸರಿಟ್ಟಳು. ಮುಂದಿನ ವರ್ಷಗಳಲ್ಲಿ ಇಟಲಿಯಲ್ಲಿ ಅಂಗದಾನದ ಪ್ರಮಾಣ ಬಹಳಷ್ಟು ಏರಿತು. ಹೀಗಿದ್ದೂ 1999ರ ಕಾನೂನು ಎರಡೂ ಕಡೆಯ ಗುರುತನ್ನು ಗೌಪ್ಯವಾಗಿಡಬೇಕೆಂದು ವಿಧಿಸಿತು. ಹುಡುಗನ ತಂದೆ ರೆಜ್ ಗ್ರೀನ್ ತಮ್ಮ ಇಳಿವಯಸ್ಸಿನಲ್ಲೂ ಇಟಲಿಗೆ ಹೋಗಿ, ಒಪ್ಪಿದವರಿಗೆ ಸಂಪರ್ಕದ ಅವಕಾಶ ಕೊಡಿ ಎಂದು ವಾದಿಸಿದರು. 2018ರಲ್ಲಿ ಅಲ್ಲಿನ ರಾಷ್ಟ್ರೀಯ ಜೈವಿಕ ನೀತಿ ಸಮಿತಿ, ಕಾಲಾಂತರದ ನಂತರ, ಎರಡೂ ಕಡೆಯ ಒಪ್ಪಿಗೆಯಿದ್ದರೆ, ಮಧ್ಯಸ್ಥರ ಮೂಲಕ ಸಂಪರ್ಕ ಸಾಧ್ಯವಾಗಬಹುದೆಂಬ ಅಭಿಪ್ರಾಯ ಕೊಟ್ಟಿತು. ಆ ಹುಡುಗನ ಹೃದಯ ಪಡೆದವರು 2017ರಲ್ಲಿ, ಅಂದರೆ 20ಕ್ಕೂ ಹೆಚ್ಚು ವರ್ಷ ಬದುಕಿದ ಮೇಲೆ, ತೀರಿಕೊಂಡರು. ನಾನು ಮೇಲೆ ಹೇಳಿದ ಎರಡನೇ ಸಾವಿನ ದುಃಖ ಆ ಮನೆಗೂ ಬಂದಿರಬೇಕು. ಆದರೂ ತಂದೆ ತನ್ನ ವಾದವನ್ನು ಹಿಂತೆಗೆದುಕೊಳ್ಳಲಿಲ್ಲ.

ಭಾರತದಲ್ಲಿ ಇಂಥದ್ದಕ್ಕೆ ದಾರಿಯೇ ಇಲ್ಲವೆಂದಲ್ಲ. ರಕ್ತದ ಆಕರಕೋಶಗಳನ್ನು (ಸ್ಟೆಮ್ ಸೆಲ್) ದಾನ ಮಾಡುವವರ ನೋಂದಣಿ ಸಂಸ್ಥೆಗಳು ಮೊದಲು ಗುರುತನ್ನು ಮುಚ್ಚಿಟ್ಟು, ಗೊತ್ತುಮಾಡಿದ ಅವಧಿ ಮುಗಿದ ಮೇಲೆ ಇಬ್ಬರೂ ಒಪ್ಪಿದರೆ ಪರಿಚಯ ಮಾಡಿಸುವ ಪದ್ಧತಿ ಇಟ್ಟುಕೊಂಡಿವೆ. ಅಲ್ಲಿ ಕೊಟ್ಟವರೂ ಬದುಕಿರುತ್ತಾರೆ, ಆದ್ದರಿಂದ ಭಾರ ಕಡಿಮೆ. ಆದರೆ ಮಧ್ಯಸ್ಥರು, ಕಾಯುವ ಅವಧಿ, ಇಬ್ಬರ ಒಪ್ಪಿಗೆ ಎಂಬ ಮೂರು ಕೀಲಿಗಳು ನಮ್ಮ ನೆಲದಲ್ಲಿಯೂ ಕೆಲಸ ಮಾಡುತ್ತವೆಂದು ಅದರಿಂದ ತಿಳಿಯುತ್ತದೆ.

ಇನ್ನು ಪತ್ರದ ವಿಷಯ. ಕನ್ನಡದಲ್ಲಿ ಪತ್ರ ಬರೆಯುವುದನ್ನು ಶಾಲೆಯಲ್ಲಿ ಕಲಿತವರಿಗೆ ಅದರ ಕಟ್ಟು ನೆನಪಿರುತ್ತದೆ: ಮೇಲ್ಗಡೆ ಊರು ಮತ್ತು ತಾರೀಖು, ಆಮೇಲೆ ಸಂಬೋಧನೆ, ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯಿರಿ’, ಕೊನೆಗೆ ‘ಇಂತಿ ನಿಮ್ಮ’. ಕಸಿ ಪಡೆದವರು ದಾನಿಯ ಮನೆಗೆ ಬರೆಯಲು ಕೂತಾಗ ಈ ಕಟ್ಟಿನ ಒಂದೊಂದು ಅಂಗವೂ ಕೈಕೊಡುತ್ತದೆ. ಊರು ಬರೆಯುವಂತಿಲ್ಲ. ಸಂಬೋಧಿಸಲು ಅಣ್ಣನೋ ಅಮ್ಮನೋ ಗೊತ್ತಿಲ್ಲ. ‘ಇಂತಿ ನಿಮ್ಮ’ ಎಂದ ಮೇಲೆ ಬರೆಯಲು ಹೆಸರಿಲ್ಲ. ಎಲ್ಲಕ್ಕಿಂತ ಕಷ್ಟದ್ದು ‘ನಾವೆಲ್ಲ ಕ್ಷೇಮ’ ಎಂಬ ಎರಡು ಪದ. ಯಾರ ಮನೆಯ ದುಃಖದಿಂದ ತನಗೆ ಕ್ಷೇಮ ಬಂತೋ ಅವರಿಗೆ ಅದನ್ನು ಬರೆಯುವುದು ಹೇಗೆ? ಪಡೆದವರು ಬರೆಯದೆ ಉಳಿಯುವುದು ಉಪಕಾರ ಮರೆತದ್ದರಿಂದ ಎಂದು ದಾನಿಯ ಮನೆಯವರಿಗೆ ಅನ್ನಿಸಬಹುದು. ಪೆನ್ನು ಹಿಡಿದು ಕೂತು, ಮೊದಲ ಸಾಲು ಹೊಳೆಯದೆ ಎದ್ದುಹೋದವರೂ ಅವರಲ್ಲಿ ಇರುತ್ತಾರೆ.

ಅವರಿಗೆ ನೆರವಾಗುವಂತೆ ಒಂದು ಪುಟದ ಮಾರ್ಗದರ್ಶಿ ಕನ್ನಡದಲ್ಲಿ ಬೇಕು. ಇಂಗ್ಲಿಷಿನದನ್ನು ಅನುವಾದಿಸಿದರೆ ಸಾಲದು, ಏಕೆಂದರೆ ತೊಡಕುಗಳು ನಮ್ಮ ಭಾಷೆಯವು. ಉದಾಹರಣೆಗೆ, ‘ನಿಮ್ಮ ಮಗ’ ಎಂದು ಬರೆದು ತೀರಿಕೊಂಡದ್ದು ಹೆಂಡತಿಯಾಗಿದ್ದರೆ ಪತ್ರ ಗಾಯ ಮಾಡುತ್ತದೆ. ‘ನಿಮ್ಮವರು’ ಎಂದರೆ ಎಲ್ಲರಿಗೂ ಸಲ್ಲುತ್ತದೆ, ಲಿಂಗವನ್ನೂ ವಯಸ್ಸನ್ನೂ ಹೇಳದೆ ಗೌರವವನ್ನು ಉಳಿಸುತ್ತದೆ. ‘ದೇವರು ದೊಡ್ಡವನು, ನನ್ನನ್ನು ಉಳಿಸಿದ’ ಎಂಬುದು ನಮ್ಮ ಬಾಯಿಗೆ ತಾನಾಗಿ ಬರುವ ಮಾತು. ಆದರೆ ಅದೇ ದೇವರು ಇವರ ಮನೆಯವರನ್ನು ಏಕೆ ಉಳಿಸಲಿಲ್ಲ ಎಂಬ ಪ್ರಶ್ನೆ ಓದುವ ತಾಯಿಗೆ ಬರುತ್ತದೆ. ಅವರ ದೇವರು ಯಾರೆಂಬುದೂ ಬರೆಯುವವರಿಗೆ ಗೊತ್ತಿಲ್ಲ. ‘ನಿಮ್ಮ ಋಣ ತೀರಿಸಲಾರೆ’ ಎಂಬುದನ್ನೂ ಮಿತವಾಗಿ ಬಳಸಬೇಕು. ಋಣವೆಂದ ಕೂಡಲೇ ಲೆಕ್ಕ ಶುರುವಾಗುತ್ತದೆ.

ಬರೆಯಬೇಕಾದದ್ದು ದಿನಚರಿ. ಕಿಡ್ನಿ ಪಡೆದ ಹೆಣ್ಣುಮಗಳೊಬ್ಬಳು ಹೀಗೆ ಬರೆಯುತ್ತಾಳೆಂದು ಊಹಿಸಿಕೊಳ್ಳಿ: ‘ನಾನು ಎರಡು ಮಕ್ಕಳ ತಾಯಿ. ಮೂರು ವರ್ಷ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದೆ. ದಿನಕ್ಕೆ ಇಷ್ಟೇ ಲೋಟ ನೀರು ಎಂದು ಅಳೆದು ಕುಡಿಯುತ್ತಿದ್ದೆ. ಈಗ ಬಾಯಾರಿದಾಗ ತಂಬಿಗೆ ಎತ್ತಿ ಕುಡಿಯುತ್ತೇನೆ. ಬೆಳಿಗ್ಗೆ ಎದ್ದು ರೊಟ್ಟಿ ತಟ್ಟಿ ಮಕ್ಕಳನ್ನು ಶಾಲೆಗೆ ಕಳಿಸುತ್ತೇನೆ. ಪ್ರತಿ ಸಲ ಮಾತ್ರೆ ನುಂಗುವಾಗ ನಿಮ್ಮವರನ್ನು ನೆನೆಯುತ್ತೇನೆ.’ ಇದರಲ್ಲಿ ಹೆಸರಿಲ್ಲ, ಊರಿಲ್ಲ, ಜಾತಿಯಿಲ್ಲ, ಆಸ್ಪತ್ರೆಯಿಲ್ಲ. ಆದರೆ ಒಬ್ಬ ತಾಯಿ ಇದನ್ನು ಓದಿ ಮಡಚಿ ಕಪಾಟಿನಲ್ಲಿ ಇಟ್ಟುಕೊಳ್ಳಬಹುದು.

ಸಮಯದ ಪ್ರಶ್ನೆ ಸೂಕ್ಷ್ಮವಾದದ್ದು. ಕಸಿಯಾದ ದಿನವನ್ನು ಎರಡನೇ ಹುಟ್ಟುಹಬ್ಬವೆಂದು ಆಚರಿಸುವವರು ಬಹಳ ಜನ. ಪತ್ರ ಬರೆಯಬೇಕೆನ್ನಿಸುವುದೂ ಹೆಚ್ಚಾಗಿ ಅದೇ ದಿನದ ಸುತ್ತ. ಆದರೆ ಇನ್ನೊಂದು ಮನೆಯಲ್ಲಿ ಆ ದಿನವೇ ತಿಥಿ. ಎಡೆ ಇಡುವ ಹೊತ್ತಿಗೆ ಅಂಚೆಯವನು ಬಂದರೆ ಅದು ಸಾಂತ್ವನವೂ ಆಗಬಹುದು, ಕುಟುಕೂ ಆಗಬಹುದು, ಹೊರಗಿನವರು ಹೇಳಲಾರರು. ಆದ್ದರಿಂದ ಪತ್ರವನ್ನು ನೇರವಾಗಿ ಕಳಿಸದೆ, ‘ಒಂದು ಪತ್ರ ಬಂದಿದೆ, ಯಾವಾಗ ಬೇಕೆಂದು ಹೇಳಿ’ ಎಂದು ಮೊದಲು ಕೇಳಬೇಕು. ಒಪ್ಪಿಗೆಯನ್ನೂ ತೀವ್ರ ನಿಗಾ ಘಟಕದ ಬಾಗಿಲಲ್ಲಿ, ಇತರ ಸಹಿಗಳ ಜೊತೆಯಲ್ಲಿ ಪಡೆಯಬಾರದು. ಆ ಹೊತ್ತಿನಲ್ಲಿ ಯಾರೂ ಏನನ್ನೂ ಓದುವ ಸ್ಥಿತಿಯಲ್ಲಿರುವುದಿಲ್ಲ. ಉತ್ತರಕ್ರಿಯೆಗಳು ಮುಗಿದು, ನಲವತ್ತನೇ ದಿನ ಕಳೆದು, ಮನೆ ಒಂದು ಹದಕ್ಕೆ ಬಂದ ಮೇಲೆ ಕೇಳಿದರೆ ಬರುವ ಉತ್ತರವೇ ನಿಜವಾದ ಉತ್ತರ. ಬೇಡವೆಂದವರು ಮುಂದೆ ಬೇಕೆನ್ನಬಹುದು. ಆ ಬಾಗಿಲನ್ನು ತೆರೆದೇ ಇಟ್ಟಿರಬೇಕು.

ಇದನ್ನು ಮಾಡಬೇಕಾದವರು ಯಾರು? ನೋಂದಾಯಿತ ಆಸ್ಪತ್ರೆಗಳಲ್ಲಿ ಕಸಿ ಸಂಯೋಜಕರು ಇರಲೇಬೇಕೆಂದು ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. ಮನೆಯವರ ಜೊತೆ ಆ ಕೆಟ್ಟ ರಾತ್ರಿಯಲ್ಲಿ ಕೂತು ಮಾತಾಡಿದವರು ಅವರೇ, ಆದ್ದರಿಂದ ನಂಬಿಕೆಯ ಎಳೆ ಅವರ ಕೈಯಲ್ಲಿದೆ. ದಾನಿಯ ಆಸ್ಪತ್ರೆಯ ಸಂಯೋಜಕರು, ಪಡೆದವರ ಆಸ್ಪತ್ರೆಯ ಸಂಯೋಜಕರು, ನಡುವೆ ರಾಜ್ಯಮಟ್ಟದ ಸಂಸ್ಥೆಯ ಒಂದು ಮೇಜು: ಇಷ್ಟರಲ್ಲಿ ಕೆಲಸ ಆಗುತ್ತದೆ. ವರ್ಷಕ್ಕೆ ಇನ್ನೂರರ ಒಳಗಿನ ದಾನಿಗಳಿರುವ ರಾಜ್ಯದಲ್ಲಿ, ಪ್ರತಿಯೊಬ್ಬರಿಂದ ಹಲವರು ಅಂಗ ಪಡೆದು ಅವರೆಲ್ಲರೂ ಬರೆದರೂ, ಪತ್ರಗಳ ಸಂಖ್ಯೆ ಒಂದು ಸಣ್ಣ ಅಂಚೆ ಕಚೇರಿಯ ವಾರದ ಬಟವಾಡೆಗಿಂತ ಹೆಚ್ಚಾಗಲಾರದು. ಭಾಷೆಯ ತೊಡಕು ಇದೆ, ನಿಜ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್ ಹೋದ ಕಿಡ್ನಿ ತಮಿಳು ಅಥವಾ ಉರ್ದು ಮಾತಾಡುವವರಿಗೆ ಸಿಕ್ಕಿರಬಹುದು. ಅನುವಾದ ಮಾಡಿಸಬೇಕು, ಅಕ್ಷರ ಬಾರದ ಹಿರಿಯರಿಗೆ ಯಾರಾದರೂ ಎದುರು ಕೂತು ಓದಿ ಹೇಳಬೇಕು. ಫೋನಿನಲ್ಲಿ ಚಿತ್ರ ತೆಗೆದು ಕಳಿಸುವ ಚಾಳಿಯನ್ನು ಮಾತ್ರ ಮೊದಲ ದಿನವೇ ತಡೆಯಬೇಕು. ಒಂದು ಸಲ ಗುಂಪಿಗೆ ಬಿದ್ದ ಪತ್ರ ಮತ್ತೆ ಕೈಗೆ ಸಿಗುವುದಿಲ್ಲ.

ಪತ್ರವೇ ಬಾರದ ಮನೆಗಳೂ ಇರುತ್ತವೆ. ಪಡೆದವರು ಬರೆಯದಿರಬಹುದು, ಉಳಿಯದೆಯೂ ಇರಬಹುದು. ಅಂಥ ಮನೆಯವರು ಕೇಳಿದಾಗ, ಕಸಿ ಕೈಗೂಡಿತೋ ಇಲ್ಲವೋ ಎಂಬಷ್ಟನ್ನು, ಸುಳ್ಳು ಸಮಾಧಾನ ಬೆರೆಸದೆ ಸಂಯೋಜಕರು ಹೇಳಬೇಕು. ಸರ್ಕಾರಗಳು ದಾನಿಗಳಿಗೆ ಗೌರವ ಸಲ್ಲಿಸುತ್ತಿರುವುದು ಒಳ್ಳೆಯದೇ. ತಮಿಳುನಾಡು 2023ರ ಸೆಪ್ಟೆಂಬರ್‌ನಲ್ಲಿ ಅಂಗದಾನಿಗಳ ಅಂತ್ಯಕ್ರಿಯೆಯನ್ನು ಸರ್ಕಾರಿ ಗೌರವದೊಂದಿಗೆ ನಡೆಸುವುದಾಗಿ ಘೋಷಿಸಿತು. ಆದರೆ ಆ ಗೌರವ ಒಂದು ದಿನದ್ದು, ಊರಿನ ಎದುರಿನದು. ಮನೆಯೊಳಗಿನ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಒಂದು ಸಣ್ಣ ವಿಷಯವನ್ನು ಹೇಳದೆ ಬಿಡಲಾಗದು. ಸಂಯೋಜಕರ ಕೆಲಸ ಕಾಯಂ ಅಲ್ಲದ ಕಡೆ ಅವರು ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಬದಲಾಗುತ್ತಾರೆ. ‘ಈಗ ಬೇಡ’ ಎಂದ ಮನೆಯ ಪತ್ರ ಅವರ ಮೇಜಿನ ಖಾನೆಯಲ್ಲಿದ್ದರೆ ಅವರ ಜೊತೆಗೇ ಕಳೆದುಹೋಗುತ್ತದೆ. ಅದು ಬಂದ ತಾರೀಖು ಬರೆದು, ಕಡತಕ್ಕೆ ಸೇರಿಸಿ, ಮುಂದೆ ಬರುವವರಿಗೆ ಒಪ್ಪಿಸಿ ಹೋಗುವ ನಿಯಮ ಮೊದಲು ಆಗಬೇಕು. ಹತ್ತು ವರ್ಷ ಕಳೆದ ಮೇಲೆ ಯಾರೋ ಒಬ್ಬರು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು ‘ಆಗ ಒಂದು ಪತ್ರ ಬಂದಿದೆ ಅಂದಿದ್ರಿ’ ಎಂದು ಕೇಳಬಹುದು.